ಕೆಂಪು ಉಗುರಿನ ಸೆಕ್ರೆಟರಿ

ಶುಭ ಶುಕ್ರವಾರದ ಹಿಂದಿನ ಸಂಜೆ, ತುಮಕೂರಿನ ದೇವಾಲಯದ ಮುಂಭಾಗದಲ್ಲಿ ಸಾಲಾಗಿ ಹಾಕಿದ್ದ ಹನ್ನೆರಡು ಕುರ್ಚಿಗಳ ಪೈಕಿ ಕಡೆಯದರಲ್ಲಿ ಕೂತು ಜಯಪ್ರಕಾಶ ಬಲಗಾಲಿನ ಸಾಕ್ಸು ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಯಾರೋ ಗೋಂದು ಹಚ್ಚಿ ಅಂಟಿಸಿದ ಹಾಗೆ ಬೆರಳ ತುದಿಯಲ್ಲಿ ಕಚ್ಚಿಕೊಂಡಿತ್ತು. ಇಡೀ ಸಭೆ ನೋಡುತ್ತಿದೆ. ಸಭಾಪಾಲಕಿ ನಂದಿತಾ ಮೇಡಂ ಹನ್ನೊಂದು ಜನರ ಪಾದ ತೊಳೆದು ಮುಗಿಸಿ, ಬೋಗುಣಿ ಮುಂದಿಟ್ಟುಕೊಂಡು ಇವನೆದುರು ಮೊಣಕಾಲೂರಿ ಕಾಯುತ್ತಿದ್ದಾರೆ. ಹಿಂದೆ ಹಾಡುವ ಗುಂಪಿನವರು ಬೇರೆ ದಾರಿಯಿಲ್ಲದೆ ಕಡೆಯ ಚರಣವನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಿದ್ದಾರೆ. ಜಯಪ್ರಕಾಶ ಕಣ್ಣು ಮುಚ್ಚಿ ಜೋರಾಗಿ ಎಳೆದ. ಸಾಕ್ಸು ಬಂತು. ಅದರ ಹಿಂದೆಯೇ ಐದೂ ಬೆರಳಿನ ಉಗುರುಗಳು ಮದುವಣಗಿತ್ತಿಯ ಉಗುರಿನಂತೆ ಕಡುಗೆಂಪಾಗಿ, ಅಲ್ಲಲ್ಲಿ ಸಾಕ್ಸಿನ ಕರಿ ಎಳೆ ಮೆತ್ತಿಕೊಂಡು, ಹೊರಗೆ ಬಂದವು.

ತಪ್ಪು ಯಾರದೂ ಅಲ್ಲ. ರಜಕ್ಕೆ ಬಂದಿದ್ದ ನಾಲ್ಕು ವರ್ಷದ ಮೊಮ್ಮಗಳಿಗೆ ಅವಳಮ್ಮನ ನೇಲ್ ಪಾಲಿಶ್ ಸೀಸೆ ಸಿಕ್ಕಿತ್ತು, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಸೋಫಾದ ಮೇಲೆ ಬಿದ್ದಿದ್ದ ತಾತನ ಕಾಲೂ ಸಿಕ್ಕಿತ್ತು. ಆ ತಾತ ನಿದ್ದೆ ಹೋದರೆ ಉಗುರಿಗೆ ಬಣ್ಣ ಬಳಿದರೂ ಗೊತ್ತಾಗುವುದಿಲ್ಲ, ಪೂರ್ತಿ ಕಾಲನ್ನೇ ಎತ್ತಿಕೊಂಡು ಹೋದರೂ ಗೊತ್ತಾಗುವುದಿಲ್ಲ. ಎದ್ದಾಗ ಆರಾಧನೆಗೆ ಹೊತ್ತಾಗಿತ್ತು. ಕತ್ತಲ ಕೋಣೆಯಲ್ಲಿ ಸಾಕ್ಸು ಏರಿಸಿಕೊಂಡು ಓಡಿ ಬಂದಿದ್ದ.

ಹೆಂಗಸರ ಸಾಲಿನಲ್ಲಿ ಒಂದು ಕಿಸಕ್ ಎಂದಿತು. ಅದನ್ನು ಹಿಡಿಯಲು ಹೋಗಿ ಇನ್ನೊಂದು ಎಂದಿತು. ನಂದಿತಾ ಮೇಡಂ ಮಾತ್ರ ತಲೆಯೆತ್ತದೆ ನೀರು ಸುರಿದು, ಬೆರಳಿನ ಸಂದಿಯನ್ನೆಲ್ಲ ತೊಳೆದು, ಟವೆಲಿನಿಂದ ಒರೆಸಿ, ಅವನಿಗೊಬ್ಬನಿಗೇ ಕೇಳುವ ಹಾಗೆ ಹೇಳಿದರು: “ಇದು ನನ್ನ ಕೈಲಿ ಹೋಗಲ್ಲ ಅಂಕಲ್.”

ಈ ವರ್ಷ ಸೆಕ್ರೆಟರಿ ಕೆಲಸ ಬಿಟ್ಟೇಬಿಡಬೇಕು ಎಂದು ಜಯಪ್ರಕಾಶ ತೀರ್ಮಾನಿಸಿದ್ದು ಆ ಕುರ್ಚಿಯ ಮೇಲೆ. ಹೋದ ವರ್ಷವೂ ತೀರ್ಮಾನಿಸಿದ್ದ, ಅದರ ಹಿಂದಿನ ವರ್ಷವೂ ತೀರ್ಮಾನಿಸಿದ್ದ. ಆದರೆ ಆಗೆಲ್ಲ ಕಾಲಿಗೆ ಸಾಕ್ಸಿತ್ತು.

ಈ ಸಭೆಯ ಕಮಿಟಿಯಲ್ಲಿ ಸರಿಯಾಗಿ ಹನ್ನೆರಡು ಜನ. ಯಾಕೆ ಹನ್ನೆರಡು ಎಂದರೆ, ವರ್ಷಕ್ಕೊಮ್ಮೆ ಪಾದ ತೊಳೆಯುವ ಸಂಜೆ ಹನ್ನೆರಡು ಶಿಷ್ಯರು ಬೇಕಲ್ಲ, ಅದಕ್ಕೆ. ಮೊದಲು ಶಿಷ್ಯರ ಲೆಕ್ಕ ಹಿಡಿದು ಕಮಿಟಿ ಮಾಡಿದರೋ, ಕಮಿಟಿಯವರು ಕುರ್ಚಿ ಬಿಡದೆ ಶಿಷ್ಯರಾದರೋ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಯೇಸುಸ್ವಾಮಿ ತನ್ನವರ ಪಾದ ತೊಳೆದು, ನೀವೂ ಒಬ್ಬರದ್ದೊಬ್ಬರು ತೊಳೆಯಿರಿ ಎಂದು ಹೇಳಿಹೋದ. ಅದರಲ್ಲಿ ಮೊದಲ ಅರ್ಧವನ್ನು ನಮ್ಮ ಸಭೆ ಬಹಳ ನಿಷ್ಠೆಯಿಂದ ನಡೆಸಿಕೊಂಡು ಬಂದಿದೆ.

ಜಯಪ್ರಕಾಶ ಸೆಕ್ರೆಟರಿಯಾದದ್ದು ಅವನ ತಲೆಯ ಮೇಲೆ ಕೂದಲಿದ್ದ ಕಾಲದಲ್ಲಿ. ಆವತ್ತಿನ ಮಹಾಸಭೆಯಲ್ಲಿ ‘ಕಾರ್ಯದರ್ಶಿ ಯಾರು?’ ಎಂದು ಕೇಳಿದಾಗ ಎಲ್ಲರೂ ಮೇಲೆ ಫ್ಯಾನು ನೋಡಿದರು. ಇವನು ಹೊಸಬ, ಫ್ಯಾನು ನೋಡಬೇಕೆಂದು ಗೊತ್ತಿರಲಿಲ್ಲ, ನೆಟ್ಟಗೆ ಎದುರು ನೋಡಿದ. ಚಪ್ಪಾಳೆ ಬಿತ್ತು. ಈ ಸಭೆಯಲ್ಲಿ ಕೈಯೆತ್ತಿಸಿ ಎಣಿಸುವ ಪದ್ಧತಿಯಿಲ್ಲ, ಎಣಿಸಿದರೆ ಯಾರು ಯಾರ ಕಡೆ ಎಂದು ಗೊತ್ತಾಗಿ ಮನಸ್ತಾಪವಾಗುತ್ತದೆ. ಚಪ್ಪಾಳೆ ಬಿದ್ದರೆ ಆಯಿತು, ಸರ್ವಾನುಮತ. ಅಲ್ಲಿಂದ ಮುಂದೆ ದೇವಾಲಯದ ಬೀಗ, ಮೈಕಿನ ವೈರು, ನೀರಿನ ಟ್ಯಾಂಕು, ಮದುವೆಗೆ ಶಾಮಿಯಾನ, ಮಣ್ಣಿಗೆ ಗುಂಡಿ, ಸ್ಕೂಲಿಗೆ ಸೇರಿಸಲು ದೀಕ್ಷಾಸ್ನಾನದ ಸರ್ಟಿಫಿಕೇಟು, ಹಾಡುವ ಗುಂಪಿನ ಇಬ್ಬರು ಹೆಂಗಸರ ಜಗಳ, ಎಲ್ಲವೂ ಇವನ ಫೋನಿಗೇ ಬಂದವು. ಕಿಟಕಿ ಪರದೆಯ ಬಣ್ಣ ನೀಲಿಯೋ ಕೆನೆಯೋ ಎಂದು ಕಮಿಟಿ ಒಂದು ಇಡೀ ಮಳೆಗಾಲ ಚರ್ಚಿಸಿ, ಉಪಸಮಿತಿ ಮಾಡಿ, ಕಡೆಗೆ ಹಳೆಯದನ್ನೇ ಒಗೆಸಿ ಹಾಕಿತು. ಒಗೆಸಿದವನು ಸೆಕ್ರೆಟರಿ.

ಕಾರ್ಖಾನೆಯ ಬಸ್ಸಿನಲ್ಲಿ ಪಕ್ಕದ ಸೀಟಿನ ಷಡಕ್ಷರಿಯ ಹತ್ತಿರ ಒಮ್ಮೊಮ್ಮೆ ಇದನ್ನೆಲ್ಲ ತೋಡಿಕೊಳ್ಳುತ್ತಿದ್ದ. ಷಡಕ್ಷರಿ ಊರಿನ ಮಠದ ಕಡೆಯವನು, ಅಲ್ಲಿನ ಜೀರ್ಣೋದ್ಧಾರ ಸಮಿತಿಯಲ್ಲಿ ಕಾರ್ಯದರ್ಶಿ. ನಿಮ್ಮಲ್ಲಾದರೂ ಹನ್ನೆರಡೇ ಜನ, ನಮ್ಮಲ್ಲಿ ನಲವತ್ತೊಂದು ಎಂದು ಹೇಳಿ ಅವನು ಕಿಟಕಿಗೆ ತಲೆಯಾನಿಸಿ ಮಲಗುತ್ತಿದ್ದ. ಇವನೂ ಮಲಗುತ್ತಿದ್ದ. ಇಬ್ಬರು ಕಾರ್ಯದರ್ಶಿಗಳಿಗೆ ವಾರದಲ್ಲಿ ಸಿಗುತ್ತಿದ್ದ ವಿಶ್ರಾಂತಿ ಹೆಚ್ಚುಕಡಿಮೆ ಅದೇ.

ಈಸ್ಟರ್ ಮುಗಿದ ಮಾರನೆಯ ವಾರ ಕಮಿಟಿ ಕೂತಾಗ ಜಯಪ್ರಕಾಶ ಬಾಯಿಬಿಟ್ಟೇ ಹೇಳಿದ, ಬರುವ ಮಹಾಸಭೆಯಲ್ಲಿ ನನ್ನನ್ನು ಬಿಡಬೇಕು ಎಂದು. ಯಾರೂ ಬೇಡವೆನ್ನಲಿಲ್ಲ. ಖಜಾಂಚಿ ಉದಯಕುಮಾರ ಬಹಳ ಪ್ರೀತಿಯಿಂದ, ಬಿಡೋದಕ್ಕೇನು, ನಿನ್ನ ಜಾಗಕ್ಕೆ ಒಬ್ಬರನ್ನ ನೀನೇ ಹುಡುಕಿಕೊಟ್ಟು ಆರಾಮಾಗಿ ಬಿಡು ಎಂದ. ಈ ಉದಯಕುಮಾರನಿಗೆ ಬಿ.ಎಚ್. ರಸ್ತೆಯಲ್ಲಿ ಟೈಲ್ಸಿನ ಅಂಗಡಿ. ಒಳ್ಳೆಯವನೇ. ದೇವಾಲಯದ ನೆಲಕ್ಕೆಲ್ಲ ಅಸಲು ಬೆಲೆಗೆ ಟೈಲ್ಸ್ ಹಾಕಿಸಿದವನು. ಆಮೇಲೆ ಆ ನೆಲದ ಮೇಲೆ ನಡೆಯುವುದೆಲ್ಲ ತನ್ನನ್ನು ಕೇಳಿ ನಡೆಯಬೇಕು ಎಂಬ ಒಂದು ಸಣ್ಣ ಭಾವನೆ ಅವನಲ್ಲಿ ಉಳಿದುಬಿಟ್ಟಿತ್ತು, ಅಷ್ಟೆ.

ಅದೇ ಮೀಟಿಂಗಿನಲ್ಲಿ ನಂದಿತಾ ಮೇಡಂ ಒಂದು ಮಾತೆತ್ತಿದರು. ಅವರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇದುವರೆಗಿನ ಸಭಾಪಾಲಕರೆಲ್ಲ ಗಂಡಸರು, ಅವರು ಅಯ್ಯನವರು, ಅವರ ಹೆಂಡಂದಿರು ಅಮ್ಮನವರು. ಹೆಂಗಸೇ ಸಭಾಪಾಲಕಿಯಾಗಿ ಬಂದಾಗ ಏನೆಂದು ಕರೆಯುವುದೆಂದು ತಿಳಿಯದೆ ಸಭೆ ಒಂದೆರಡು ವಾರ ಅವರನ್ನು ಏನೂ ಕರೆಯಲಿಲ್ಲ, ಆಮೇಲೆ ಮೇಡಂ ಎಂದಿತು. ಮೇಡಂ ಹೇಳಿದ್ದು ಇಷ್ಟು: ನಮ್ಮ ಸಭೆಯ ಕೈಕೆಳಗಿನ ಹೊರಸಭೆಗಳಾದ ಗುಬ್ಬಿ, ಕುಣಿಗಲಿನವರು ಪಾದ ತೊಳೆಯುವ ಆರಾಧನೆಯನ್ನು ನೋಡಿಯೇ ಇಲ್ಲ, ಈ ಸಲ ಕಮಿಟಿಯವರೇ ಹೋಗಿ ಅಲ್ಲಿನವರ ಪಾದ ತೊಳೆದು ಬರೋಣ. ಬೈಬಲಿನ ಮಾತಾದ್ದರಿಂದ ಬೇಡವೆನ್ನಲು ಯಾರಿಗೂ ಧೈರ್ಯವಿರಲಿಲ್ಲ. ಚಪ್ಪಾಳೆ ಬಿತ್ತು. ಆಮೇಲೆ ಉದಯಕುಮಾರನಿಗೆ ಮಂಡಿ ನೋವು ಜ್ಞಾಪಕಕ್ಕೆ ಬಂತು, ಒಬ್ಬರಿಗೆ ಮಗಳ ಮನೆ ಗೃಹಪ್ರವೇಶ, ಒಬ್ಬರಿಗೆ ಸಕ್ಕರೆ ಕಾಯಿಲೆ, ಬಗ್ಗುವ ಹಾಗಿಲ್ಲ. ಕಡೆಗೆ ಪಾದ ತೊಳೆಯುವ ಉಪಸಮಿತಿ ರಚನೆಯಾಯಿತು. ಸಂಚಾಲಕ ಜಯಪ್ರಕಾಶ. ಸದಸ್ಯರು ಯಾರೂ ಇಲ್ಲ.

ಅವನು ಒಪ್ಪಿಕೊಂಡದ್ದು ಭಕ್ತಿಯಿಂದ ಎಂದು ಮೇಡಂ ತಿಳಿದುಕೊಂಡರೋ ಏನೋ. ಅವನ ಲೆಕ್ಕ ಬೇರೆ ಇತ್ತು. ತುಮಕೂರಿನಲ್ಲಿ ತನ್ನ ಜಾಗಕ್ಕೆ ಬರುವವರು ಯಾರೂ ಇಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು. ಇನ್ನು ಉಳಿದದ್ದು ಹೊರಸಭೆಗಳು.

ಗುಬ್ಬಿಯಲ್ಲಿ ಪಾದ ತೊಳೆಸಿಕೊಂಡ ಹಿರಿಯರೊಬ್ಬರು, ತೋಟವಿದ್ದವರು, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಳನೀರು ಕೊಟ್ಟರು. ಇವನು ವಿಷಯ ತೆಗೆದ. ಅವರು ಇನ್ನೊಂದು ಎಳನೀರು ಕೊಟ್ಟರು. ಮತ್ತೆ ಕೇಳಿದ. ಮೂರನೆಯದನ್ನು ಕೆತ್ತಲು ಮಚ್ಚು ಎತ್ತಿದಾಗ ಜಯಪ್ರಕಾಶ ಎದ್ದು ಬಂದ. ಉತ್ತರ ಬಂದಿರಲಿಲ್ಲ, ಆದರೆ ಸಿಕ್ಕಿತ್ತು.

ಕುಣಿಗಲೇ ಕಡೆಯ ಆಸೆ. ಅಲ್ಲಿ ಭಾನುಪ್ರಕಾಶ್ ಇದ್ದ. ಹೈಸ್ಕೂಲ್ ಮೇಷ್ಟ್ರು, ಒಳ್ಳೆಯ ಬರವಣಿಗೆ, ಕಂಪ್ಯೂಟರ್ ಬರುತ್ತದೆ. ಹಿಂದೆ ಎರಡು ವರ್ಷ ಕಮಿಟಿಯಲ್ಲಿ ಕುಣಿಗಲಿನ ಪರವಾಗಿ ಕೂತು, ಯಾಕೋ ಸದ್ದಿಲ್ಲದೆ ಬಿಟ್ಟಿದ್ದ. ಭಾನುವಾರ ನಸುಕಿನಲ್ಲೇ ಎದ್ದು, ಮೇಡಂ ಕಾರಿನ ಹಿಂದಿನ ಸೀಟಿನಲ್ಲಿ ಬೋಗುಣಿ, ಚೊಂಬು, ಟವೆಲು ತೊಡೆಯ ಮೇಲೆ ಇಟ್ಟುಕೊಂಡು ಜಯಪ್ರಕಾಶ ಕುಣಿಗಲಿಗೆ ಹೋದ. ದಾರಿಯುದ್ದಕ್ಕೂ ತೂಕಡಿಸಿದ. ಬೋಗುಣಿ ಒಂದು ಸಲ ಜಾರಿ ಕಾಲಿನ ಮೇಲೆ ಬಿತ್ತು.

ಕುಣಿಗಲಿನ ಆರಾಧನೆ ಎಂಟು ಗಂಟೆಗೆ. ತುಮಕೂರಿನದು ಹತ್ತೂವರೆಗೆ. ಎರಡಕ್ಕೂ ಸಭಾಪಾಲಕರು ಒಬ್ಬರೇ, ಇಲ್ಲಿ ಮುಗಿಸಿಕೊಂಡು ಅಲ್ಲಿಗೆ ಓಡಬೇಕು. ಈ ಟೈಮನ್ನು ಗೊತ್ತು ಮಾಡಿ ಮೂರ್ನಾಲ್ಕು ವರ್ಷವಾಗಿತ್ತು. ಚಿಕ್ಕ ಹಾಲ್, ತಗಡಿನ ಮಾಡು, ಮೂವತ್ತು ಜನ ಕೂತರೆ ತುಂಬಿದಂತೆ. ಅರ್ಧವೇ ತುಂಬಿತ್ತು. ಹುಲಿಯೂರುದುರ್ಗದ ಕಡೆಯಿಂದ ಬರುವ ಕುಟುಂಬಗಳು ಎಂದಿನಂತೆ ಇನ್ನೂ ಬಂದಿರಲಿಲ್ಲ. ಅವರು ಯಾವಾಗಲೂ ಕಡೆಯ ಹಾಡಿನ ಹೊತ್ತಿಗೆ ಬರುತ್ತಾರೆ ಎಂಬುದು ತುಮಕೂರಿನ ಕಮಿಟಿಗೂ ಗೊತ್ತಿದ್ದ ವಿಷಯ. ಹುಲಿಯೂರುದುರ್ಗದವರಲ್ಲಿ ಭಕ್ತಿ ತಣ್ಣಗಾಗಿದೆ ಎಂದು ಕಮಿಟಿ ಎರಡು ಮೀಟಿಂಗು ಚಿಂತಿಸಿ, ಅವರನ್ನು ಎಚ್ಚರಿಸಲು ಅಲ್ಲೊಂದು ಉಜ್ಜೀವನ ಕೂಟ ಏರ್ಪಡಿಸಬೇಕೆಂದು ತೀರ್ಮಾನಿಸಿ, ಅದಕ್ಕೂ ಒಂದು ಉಪಸಮಿತಿ ಮಾಡಿತ್ತು.

ಮೇಡಂ ಬೈಬಲಿನ ಮೇಲೆ ಪ್ರಸಂಗ ಮಾಡಿದರು. ಕರ್ತನ ಭೋಜನದ ಭಾನುವಾರವಾದ್ದರಿಂದ ರೊಟ್ಟಿ, ದ್ರಾಕ್ಷಾರಸವೂ ಆಯಿತು. ಆಮೇಲೆ ಜಯಪ್ರಕಾಶ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಟವೆಲು ಸೊಂಟಕ್ಕೆ ಸುತ್ತಿ ನೆಲಕ್ಕೆ ಕೂತ. ಮಂಡಿ ಲಟಕ್ಕೆಂದಿತು. ಅವನ ಉಗುರಿನ ಬಣ್ಣ ಅರ್ಧ ಉದುರಿ ಅರ್ಧ ಉಳಿದು, ಹಳೇ ಗೋಡೆಯ ಸುಣ್ಣದಂತೆ ಕಾಣುತ್ತಿತ್ತು. ಅಳಿಸುವ ಎಣ್ಣೆಯನ್ನು ಮಗಳು ವಾಪಸು ಹೋಗುವಾಗ ತೆಗೆದುಕೊಂಡು ಹೋಗಿದ್ದಳು.

ಮೂರನೆಯವನಾಗಿ ಭಾನುಪ್ರಕಾಶ್ ಬಂದು ಕೂತ. ಜಯಪ್ರಕಾಶ ಅವನ ಕಾಲಿಗೆ ನೀರು ಹಾಕುತ್ತ, ತಗ್ಗಿದ ದನಿಯಲ್ಲಿ, ಸೆಕ್ರೆಟರಿ ಕೆಲಸವೆಂದರೆ ಅಂಥ ಕಷ್ಟದ್ದೇನಲ್ಲ ಎಂದು ಶುರುಮಾಡಿದ. ದೇವಾಲಯದೊಳಗೆ ಹೇಳಬಾರದ ಸುಳ್ಳು. ಭಾನುಪ್ರಕಾಶ್ ಇನ್ನೊಂದು ಕಾಲನ್ನೂ ಮುಂದೆ ಚಾಚಿದ.

“ಕಾಲು ಹಿಡಿದು ಕೇಳ್ತಿದೀರ ಸರ್, ಇಲ್ಲ ಅನ್ನೋಕೆ ಸಂಕಟ ಆಗುತ್ತೆ. ಆದ್ರೂ ಇಲ್ಲ. ನಾನು ಕಮಿಟಿಯಲ್ಲಿದ್ದಾಗ ಒಂದೇ ಒಂದು ವಿಷಯ ತಂದಿದ್ದೆ. ಅದನ್ನ ನೀವು ‘ಇತರ ವಿಷಯಗಳು’ ಅಂತ ಕಡೇಲಿ ಹಾಕ್ತಿದ್ರಿ. ಅದು ಬರೋ ತನಕ ಕೂತಿದ್ರೆ ನನ್ನ ಕಡೇ ಬಸ್ಸು ಹೋಗ್ತಿತ್ತು. ಎರಡು ವರ್ಷ ಕಾದೆ.”

“ಯಾವ ವಿಷಯ?”

“ನೋಡಿ, ನಿಮಗೆ ವಿಷಯಾನೇ ಗೊತ್ತಿಲ್ಲ.” ಅಷ್ಟು ಹೇಳಿ ಅವನು ಕಾಲು ಒರೆಸಿಕೊಂಡು ಎದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಕಮಿಟಿಯಾಗಲಿ ಮಹಾಸಭೆಯಾಗಲಿ, ಅಜೆಂಡಾ ಬರೆಯುವುದು ಸೆಕ್ರೆಟರಿಯ ಹಕ್ಕು, ಅಧ್ಯಕ್ಷರಾದ ಸಭಾಪಾಲಕರೂ ಅದನ್ನು ಮುಟ್ಟುವಂತಿಲ್ಲ ಎಂಬುದು ಹಳೇ ರೂಢಿ. ಅದರ ಕಡೆಯ ಸಾಲು ಯಾವಾಗಲೂ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’. ಹೊರಸಭೆಯವರು, ವಿಧವೆಯರು, ಹುಡುಗರು, ಹೊಸದಾಗಿ ಬಂದ ಸಭಾಪಾಲಕಿ, ಯಾರು ಏನು ಕೇಳಿದರೂ ಅದರೊಳಗೆ ಬೀಳುತ್ತಿತ್ತು. ಆ ಸಾಲು ಬರುವ ಹೊತ್ತಿಗೆ ಟೀ ಮುಗಿದು, ಅರ್ಧ ಜನ ಎದ್ದು ಹೋಗಿ, ಉಳಿದವರು ಆಕಳಿಸುತ್ತಿರುವಾಗ ಜಯಪ್ರಕಾಶನೇ ‘ಸಮಯದ ಅಭಾವದಿಂದ’ ಎಂದು ಎದ್ದು ನಿಲ್ಲುತ್ತಿದ್ದ. ಬೇಕೆಂದು ಮಾಡಿದ್ದಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುವವನಿಗೆ ನಿದ್ದೆ ಬರುತ್ತಿತ್ತು.

ಮೇಡಂ ಆಶೀರ್ವಾದಕ್ಕೆ ಕೈಯೆತ್ತಿದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಚಪ್ಪಲಿಗಳ ಸದ್ದಾಯಿತು. ಹುಲಿಯೂರುದುರ್ಗದವರು. ಒಂದಷ್ಟು ಹೆಂಗಸರು, ಇಬ್ಬರು ಗಂಡಸರು, ಕಂಕುಳಲ್ಲೊಂದು ಮಗು, ಮುಂದೆ ಮರಿಯಮ್ಮ ಎಂಬ ಮುದುಕಿ. ನಿಂತಲ್ಲೇ ತಲೆ ಬಗ್ಗಿಸಿ ಆಶೀರ್ವಾದ ತೆಗೆದುಕೊಂಡು ಆಮೆನ್ ಎಂದರು. ಮುಗಿಯಿತು.

ತುಮಕೂರಿಗೆ ಓಡಬೇಕಿತ್ತು. ಆದರೆ ಬೋಗುಣಿ ಇನ್ನೂ ಅಲ್ಲೇ ಇತ್ತು, ಮೇಡಂ ಚೊಂಬಿಗೆ ಮತ್ತೆ ನೀರು ತುಂಬಿ ತಂದರು. ಜಯಪ್ರಕಾಶ ಎದ್ದಿದ್ದವನು ಮತ್ತೆ ಕೂತ. ಮಂಡಿ ಮತ್ತೆ ಲಟಕ್ಕೆಂದಿತು.

ಮರಿಯಮ್ಮ ಕುರ್ಚಿಯಲ್ಲಿ ಕೂರಲು ಸಂಕೋಚಪಟ್ಟಳು. ಸೆಕ್ರೆಟರಿಯ ಕೈಗೆ ಕಾಲು ಕೊಡುವುದೇ ಎಂದು ಸೀರೆ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡಳು. ಆಗ ಅವಳ ಕಣ್ಣು ಅವನ ಉಗುರಿನ ಮೇಲೆ ಬಿತ್ತು. ಸ್ವಲ್ಪ ಹೊತ್ತು ನೋಡಿದಳು. ಅದೇನು ಕಂಡಿತೋ, ಸಂಕೋಚ ಬಿಟ್ಟು ಕಾಲು ಚಾಚಿದಳು. ಒಡೆದ ಹಿಮ್ಮಡಿ, ಬಸ್ಸಿನ ಧೂಳು.

“ಬಸ್ಸು ಲೇಟಾಯ್ತೇನಮ್ಮ?” ಎಂದು ಜಯಪ್ರಕಾಶ ಮಾತಿಗೆ ಕೇಳಿದ.

“ಲೇಟಿಲ್ಲ ಕಣಪ್ಪ. ಭಾನ್ವಾರ ನಮ್ಗಿರೋದೇ ಅದು, ಅದೇ ಮೊದಲ್ನೇ ಬಸ್ಸು. ಅದು ಬರೋದೇ ಈ ಹೊತ್ಗೆ.”

“ಯಾವಾಗ್ಲೂ?”

“ನೀವು ಎಂಟು ಗಂಟೆಗೆ ಮಾಡ್ದಾಗ್ನಿಂದ.”

ಅವನ ಕೈಯಲ್ಲಿದ್ದ ಚೊಂಬಿನಿಂದ ನೀರು ಬೀಳುವುದು ನಿಂತಿತು. ಮರಿಯಮ್ಮನಿಗೆ ದೂರು ಹೇಳುವ ಇರಾದೆ ಇದ್ದಂತೆ ಕಾಣಲಿಲ್ಲ. ಬಿಸಿಲಿನ ವಿಷಯ ಹೇಳುವಂತೆ ಹೇಳುತ್ತಿದ್ದಳು. ಪ್ರಸಂಗ ತಪ್ಪಿದ್ದಕ್ಕೆ ತನಗೇನೂ ಬೇಜಾರಿಲ್ಲ, ಪ್ರಸಂಗ ಕೇಳಿದರೆ ತನಗೆ ನಿದ್ದೆ ಬರುತ್ತದೆ, ಆಶೀರ್ವಾದ ಸಿಗುತ್ತಲ್ಲ, ಅದಕ್ಕೇ ಬರುವುದು ಎಂದಳು. ಅವನು ಕಾಲು ಒರೆಸುವಾಗ, ಮಡಿಸಿ ಎತ್ತಿಡುತ್ತಿದ್ದ ಮೇಜಿನ ಬಿಳಿ ಬಟ್ಟೆಯ ಕಡೆ ನೋಡಿ ಹೇಳಿದಳು:

“ರೊಟ್ಟಿ ಒಂದು ಸಿಕ್ಕಾಕಿಲ್ಲ. ಮೂರು ವರ್ಸ ಆಯ್ತೇನೋ ಬಾಯ್ಗೆ ಬಿದ್ದು. ಬುಡು, ಸಾಯೋ ಹೊತ್ಗೆ ತಂದ್ಕೊಡ್ತೀರಲ್ಲ, ಆವಾಗ ಆಯ್ತದೆ.”

ತುಮಕೂರಿಗೆ ವಾಪಸು ಹೋಗುವಾಗ ಜಯಪ್ರಕಾಶನಿಗೆ ತೂಕಡಿಕೆ ಬರಲಿಲ್ಲ. ನಿಮಗೆ ಇದು ಗೊತ್ತಿತ್ತೇ ಎಂದು ಮೇಡಂ ಅವರನ್ನು ಕೇಳಿದ. ಬಂದ ಎರಡನೇ ತಿಂಗಳೇ ಗೊತ್ತಾಯಿತು, ಕಮಿಟಿಯಲ್ಲಿ ಎತ್ತಿದೆ, ಇತರ ವಿಷಯಗಳಲ್ಲಿ ಹಾಕೋಣ ಅಂದಿರಿ ಎಂದು ಅವರು ಗೇರು ಬದಲಾಯಿಸಿದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಮಾರನೆಯ ಸಂಜೆ ಕಾರ್ಖಾನೆಯ ಬಸ್ಸಿಳಿದು ನೇರ ಉದಯಕುಮಾರನ ಅಂಗಡಿಗೆ ಹೋದ. ವಿಷಯ ಸುಲಭದ್ದು. ತುಮಕೂರಿನ ಆರಾಧನೆಯನ್ನು ಏಳೂವರೆಗೆ ತಂದು, ಕುಣಿಗಲಿನದನ್ನು ಹತ್ತೂವರೆಗೆ ಹಾಕಿದರೆ ಹುಲಿಯೂರುದುರ್ಗದವರಿಗೆ ಎಲ್ಲವೂ ಸಿಗುತ್ತದೆ. ಉದಯಕುಮಾರ ಟೀ ತರಿಸಿದ. ಪೂರ್ತಿ ಕೇಳಿದ. ಅವನಿಗೂ ಪಾಪ ಅನ್ನಿಸಿತು, ಮುಖದಲ್ಲಿ ಕಾಣುತ್ತಿತ್ತು. ಆದರೆ ಮಿಷನರಿ ದೊರೆಗಳ ಕಾಲದಿಂದ ತುಮಕೂರಿನ ಆರಾಧನೆ ಹತ್ತೂವರೆಗೆ. ಭಾನುವಾರ ನಿಧಾನವಾಗಿ ಎದ್ದು, ತಟ್ಟೆ ಇಡ್ಲಿ ತಿಂದು, ಇಸ್ತ್ರಿ ಬಟ್ಟೆ ಹಾಕಿಕೊಂಡು ದೇವರ ಹತ್ತಿರ ಬರುವ ಜನ ಏಳೂವರೆಗೆ ಹೇಗೆ ಬಂದಾರು?

ಆಮೇಲೆ ಉದಯಕುಮಾರ ಕುರ್ಚಿ ಹತ್ತಿರ ಎಳೆದುಕೊಂಡ. ನಿನಗೊಂದು ಸಂತೋಷದ ಸುದ್ದಿ ಎಂದ. ತನ್ನ ಭಾಮೈದ ಕಿರಣ್‌ಕುಮಾರ್ ಸೆಕ್ರೆಟರಿಯಾಗಲು ಒಪ್ಪಿದ್ದಾನೆ, ಮಾತಾಡಿ ಆಗಿದೆ.

“ಹದಿನೈದು ಹದಿನಾರು ವರ್ಷ ದುಡಿದಿದೀಯ ಜಯಣ್ಣ. ಸಾಕು. ಶಾಲು ಹೊದಿಸಿ ಕಳಿಸ್ತೀವಿ ನಿನ್ನ. ಅಜೆಂಡಾ ಮಾತ್ರ ಹಳೇ ತರಾನೇ ಹಾಕು. ಈ ಟೈಮಿನ ವಿಷಯ ಇತರ ವಿಷಯದಲ್ಲೇ ಇರ್ಲಿ. ಮುಂದೆ ಬಂದೋರು ನೋಡ್ಕೋತಾರೆ.”

“ಮೊದಲೇ ತಂದ್ರೆ?”

“ಏಳೂವರೆ ಆರಾಧನೆ ಅಂದ್ರೆ ಸೆಕ್ರೆಟರಿ ಆರಕ್ಕೆ ಬೀಗ ತೆಗೀಬೇಕು. ಕಿರಣ ಏಳೋದೇ ಒಂಬತ್ತಕ್ಕೆ. ಓಡಿಹೋಗ್ತಾನೆ ಕಣಪ್ಪ. ಆಮೇಲೆ ನಿನ್ನಿಷ್ಟ.”

ಆವತ್ತು ಊಟವಾದ ಮೇಲೆ ಜಯಪ್ರಕಾಶ ಮಹಾಸಭೆಯ ಅಜೆಂಡಾ ಬರೆಯಲು ಕೂತ. ಎದುರಿಗೆ ಹೆಂಡತಿ ಸುಮನಾ ನಾಳೆಯ ಹುರುಳಿಕಾಯಿ ಸೋಸುತ್ತಿದ್ದಳು. ಅವಳಿಗೆ ವಿಷಯವೆಲ್ಲ ಹೇಳಿದ್ದ. ಅವನು ಸೆಕ್ರೆಟರಿಯಾದಾಗಿನಿಂದ ಒಂದು ಭಾನುವಾರವಾದರೂ ಗಂಡನ ಪಕ್ಕ ಬೆಂಚಿನ ಮೇಲೆ ಕೂತು ಆರಾಧನೆ ಮಾಡಬೇಕೆಂಬುದು ಅವಳ ಆಸೆ. ಅವನು ಯಾವಾಗಲೂ ಮೈಕಿನ ಹತ್ತಿರವೋ, ಗೇಟಿನ ಹತ್ತಿರವೋ, ಮೋಟರು ಆಫ್ ಮಾಡಲೋ ಎದ್ದು ಹೋಗಿರುತ್ತಿದ್ದ.

ಅವನಿಗೂ ಅದೇ ಆಸೆ. ಕಡೇ ಬೆಂಚು, ಗೋಡೆ ಪಕ್ಕ, ಫ್ಯಾನಿನ ಕೆಳಗೆ. ಪ್ರಸಂಗ ಕೇಳುತ್ತ ಬರುವ ನಿದ್ದೆಯಂಥ ನಿದ್ದೆ ಬೇರೆಲ್ಲೂ ಇಲ್ಲವೆಂದು ಹಿರಿಯರು ಹೇಳುವುದನ್ನು ಕೇಳಿದ್ದನೇ ಹೊರತು ಅವನು ಅನುಭವಿಸಿರಲಿಲ್ಲ. ಒಂದೇ ಚಪ್ಪಾಳೆಯ ದೂರದಲ್ಲಿತ್ತು ಅದು. ಪ್ರಾರ್ಥನೆ, ಸ್ವಾಗತ, ವರದಿ, ಲೆಕ್ಕಪತ್ರ, ಚುನಾವಣೆ, ಇತರ ವಿಷಯಗಳು. ಕೈಗೆ ಬಾಯಿಪಾಠ. ಮೊಬೈಲಿನಲ್ಲಿ ಹೋದ ವರ್ಷದ್ದನ್ನೇ ತೆಗೆದು ತಾರೀಖು ಬದಲಾಯಿಸಿದರೆ ಕೆಲಸ ಮುಗಿಯಿತು.

ಬಹಳ ಹೊತ್ತು ಮೊಬೈಲು ನೋಡುತ್ತ ಕೂತಿದ್ದ. ಸುಮನಾ ಕಾಯಿ ಸೋಸಿ ಎದ್ದಳು. ಆಮೇಲೆ ಅವನು ಕಡೆಯ ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು, ಕತ್ತರಿಸಿ, ಪ್ರಾರ್ಥನೆಯ ಕೆಳಗೆ ತಂದು ಅಂಟಿಸಿದ. ಸಭೆಯ ವಾಟ್ಸಪ್ ಗುಂಪಿಗೆ ಕಳಿಸಿದ. ದೀಪ ಆರಿಸಿ ಮಲಗಿದ. ಇಷ್ಟಕ್ಕೆಲ್ಲ ದೊಡ್ಡ ಧೈರ್ಯವೇನೂ ಬೇಕಾಗಲಿಲ್ಲ. ಹಾಗೇ ಕಳಿಸಿದರೆ ನಿದ್ದೆ ಬರುವುದಿಲ್ಲ ಎಂಬುದಷ್ಟೇ ಖಾತ್ರಿಯಾಗಿತ್ತು, ಅವನಿಗೆ ನಿದ್ದೆ ಬಹಳ ಮುಖ್ಯ.

ಮಹಾಸಭೆ ಸೇರಿದ್ದು ಆರಾಧನೆ ಮುಗಿದ ಮೇಲೆ. ಹಿಂಭಾಗದಲ್ಲಿ ಕಲ್ಲಿನ ಒಲೆಯ ಮೇಲೆ ಬಿರಿಯಾನಿಯ ಪಾತ್ರೆ ದಮ್ಮಿಗೆ ಕೂತಿತ್ತು. ವಾಟ್ಸಪ್ ನೋಡಿ ಭಾನುಪ್ರಕಾಶ್ ಒಂದು ಟೆಂಪೋ ಮಾಡಿಕೊಂಡು ಕುಣಿಗಲಿನವರನ್ನೂ ಹುಲಿಯೂರುದುರ್ಗದವರನ್ನೂ ಕರೆತಂದಿದ್ದ. ಪ್ರತಿ ವರ್ಷ ಹೊರಸಭೆಯವರಿಗೆ ಹೋಗುತ್ತಿದ್ದ ಆಹ್ವಾನ ಈ ವರ್ಷವೂ ಹೋಗಿತ್ತು. ವ್ಯತ್ಯಾಸವೆಂದರೆ, ಬಂದರೆ ಉಪಯೋಗವಿದೆ ಎಂದು ಅವರಿಗೆ ಅನ್ನಿಸಿದ್ದು ಇದೇ ಮೊದಲು. ಮರಿಯಮ್ಮ ಮೊದಲ ಬೆಂಚಿನಲ್ಲೇ ಕೂತಿದ್ದಳು, ಅದು ಖಜಾಂಚಿ ಮನೆಯವರ ಬೆಂಚೆಂದು ಅವಳಿಗೆ ಗೊತ್ತಿರಲಿಲ್ಲ.

ಪ್ರಾರ್ಥನೆ ಮುಗಿಯಿತು. ಜಯಪ್ರಕಾಶ ಎದ್ದು ಮೊದಲ ವಿಷಯ ಓದಿದ: ತುಮಕೂರಿನ ಆರಾಧನೆ ಏಳೂವರೆಗೆ, ಕುಣಿಗಲಿನದು ಹತ್ತೂವರೆಗೆ. ತನ್ನ ಮಾತು ಸೇರಿಸಲಿಲ್ಲ. ಮರಿಯಮ್ಮನವರು ಹೇಳುತ್ತಾರೆ ಎಂದು ಮೈಕು ಅವಳ ಮುಂದೆ ಹಿಡಿದ. ಅವಳು ಬೆಂಚಿನ ಮೇಲೆ ಪಕ್ಕಕ್ಕೆ ಸರಿದಳು, ಅವನು ಮತ್ತೆ ಮುಂದೆ ಹಿಡಿದ. ಕಡೆಗೆ ಗೋಡೆಗೆ ಒರಗಿ, ಇನ್ನು ಸರಿಯಲು ಜಾಗವಿಲ್ಲದೆ ಮಾತಾಡಿದಳು.

“ನಮ್ಗೆ ಬಸ್ಸು ಒಂದೇ ಅದೆ. ಅದು ಬಂದ್ಮೇಲೆ ರೊಟ್ಟಿ ಮುರುದ್ರೆ ನಮ್ಗೂ ಒಂದ್ ಚೂರು ಸಿಕ್ತದೆ. ಅಷ್ಟೇ ಕಣ್ರಪ್ಪ.”

ಉಜ್ಜೀವನ ಕೂಟದ ಉಪಸಮಿತಿಯವರು ತಮ್ಮ ತಮ್ಮ ಬೈಬಲಿನ ರಟ್ಟು ನೋಡಿಕೊಂಡರು. ಏಳೂವರೆ ಅಂದರೆ ಮಕ್ಕಳನ್ನು ಎಬ್ಬಿಸುವುದು ಹೇಗೆ ಎಂದು ಒಬ್ಬ ತಾಯಿ ಕೇಳಿದಳು. ಸ್ಕೂಲಿಗೆ ಎಬ್ಬಿಸಲ್ವ ಎಂದು ಅವಳ ಅತ್ತೆಯೇ ಹಿಂದಿನಿಂದ ಹೇಳಿದಳು. ಆಗ ಉದಯಕುಮಾರ ಎದ್ದ. ಅವನು ವಿರೋಧಿಸಲಿಲ್ಲ, ಇತಿಹಾಸ ಹೇಳಿದ. ಮೊದಲ ಮಿಷನರಿ ಕುದುರೆ ಮೇಲೆ ಬಂದದ್ದರಿಂದ ಹಿಡಿದು, ಗಂಟೆ ಗೋಪುರ, ಪ್ಲೇಗು, ತನ್ನ ತಾತ ಕೊಟ್ಟ ಪೀಠೋಪಕರಣ, ಟೈಲ್ಸು. ಟೈಲ್ಸಿಗೆ ಬರುವ ಹೊತ್ತಿಗೆ ಹಿಂದೆ ಯಾರೋ ಪಾತ್ರೆಯ ಮುಚ್ಚಳ ತೆಗೆದರು. ಪುದೀನ, ಚಕ್ಕೆ, ಮಾಂಸದ ವಾಸನೆ ಕಿಟಕಿಯ ಹಳೇ ಪರದೆಗಳನ್ನು ದಾಟಿ ಒಳಗೆ ಬಂತು. ಯಾವ ವರ್ಷವೂ ಹೀಗೆ ಆಗಿರಲಿಲ್ಲ. ಆ ಮುಚ್ಚಳ ತೆಗೆಯುವ ಹೊತ್ತಿಗೆ ಅಜೆಂಡಾ ‘ಸಮಯದ ಅಭಾವದಿಂದ’ ಎಂಬಲ್ಲಿಗೆ ಬಂದಿರುತ್ತಿತ್ತು. ಈಗ ಇನ್ನೂ ಒಂದನೇ ವಿಷಯ.

ಎಲ್ಲೋ ನಡುವಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಮುದುಕಿಗೆ ರೊಟ್ಟಿ ಸಿಗಲೆಂದು ತಟ್ಟಿದರೋ, ತಮಗೆ ಬಿರಿಯಾನಿ ಸಿಗಲೆಂದು ತಟ್ಟಿದರೋ ದೇವರಿಗೆ ಗೊತ್ತು. ಎರಡೂ ಇದ್ದಿರಬಹುದು. ಇಡೀ ಸಭೆ ತಟ್ಟಿತು. ಚಪ್ಪಾಳೆ ಕೇಳಿದೊಡನೆ ಅಭ್ಯಾಸಬಲದಿಂದ ಉದಯಕುಮಾರನೂ ತಟ್ಟಿದ, ಎರಡು ಸಲ ತಟ್ಟಿದ ಮೇಲೆ ತನ್ನ ಕೈಗಳನ್ನು ತಾನೇ ನೋಡಿಕೊಂಡ. ನಂದಿತಾ ಮೇಡಂ ಮೆಲ್ಲಗೆ, “ಒಪ್ಪಿಗೆಯಾಯಿತು” ಎಂದರು. ಜಯಪ್ರಕಾಶ ಸರ್ವಾನುಮತದಿಂದ ಎಂದು ಬರೆದುಕೊಂಡ.

ಉಳಿದದ್ದೆಲ್ಲ ಓಡಿತು. ವರದಿ, ಲೆಕ್ಕ, ಯಾರೂ ಕೇಳಿಸಿಕೊಳ್ಳಲಿಲ್ಲ, ಯಾವತ್ತೂ ಕೇಳಿಸಿಕೊಂಡಿರಲೂ ಇಲ್ಲ. ಕಡೆಯದು ಚುನಾವಣೆ. ಹೊಸ ಕಾರ್ಯದರ್ಶಿ ಯಾರು ಎಂದು ಮೇಡಂ ಕೇಳಿದಾಗ ಜಯಪ್ರಕಾಶ ಕಿರಣ್‌ಕುಮಾರನ ಕಡೆ ನೋಡಿದ. ಅವನ ಕುರ್ಚಿ ಖಾಲಿಯಾಗಿತ್ತು. ಬಿರಿಯಾನಿ ಬೆಂದಿದೆಯೇ ನೋಡಿಕೊಂಡು ಬರುತ್ತೇನೆಂದು ಹೋದವನು ಬೈಕು ಹತ್ತಿ ಮನೆ ಸೇರಿದ್ದ. ಸಭೆ ಮೇಲೆ ಫ್ಯಾನು ನೋಡಿತು. ಜಯಪ್ರಕಾಶನೂ ಈ ಸಲ ತಪ್ಪು ಮಾಡಲಿಲ್ಲ, ಎಲ್ಲರಿಗಿಂತ ಮೊದಲೇ ಕತ್ತೆತ್ತಿ ಫ್ಯಾನಿಗೆ ಕಣ್ಣು ನೆಟ್ಟ.

ಫ್ಯಾನು ನೋಡಬೇಕೆಂದು ಗೊತ್ತಿಲ್ಲದ ಒಬ್ಬಳು ಮೊದಲ ಬೆಂಚಿನಲ್ಲಿದ್ದಳು.

“ಅದ್ಯಾಕೆ ಎಲ್ರೂ ಮ್ಯಾಲೆ ನೋಡ್ತಿದೀರಿ?” ಎಂದಳು ಮರಿಯಮ್ಮ. “ಆ ಕೆಂಪು ಉಗುರಿನವ್ರೇ ಇರ್ಲಿ ಬುಡಿ. ಕಾಲು ಚೆನ್ನಾಗಿ ತೊಳೀತಾರೆ.”

ಚಪ್ಪಾಳೆ ಎಷ್ಟು ಜೋರಾಗಿ ಬಿತ್ತೆಂದರೆ, ಗೋಪುರದ ಪಾರಿವಾಳಗಳು ಒಂದು ಸುತ್ತು ಹಾರಿ ಬಂದವು. ಉದಯಕುಮಾರನೇ ಬಂದು, ನಾಲ್ಕು ಜನರನ್ನು ಪಾಳಿಯ ಮೇಲೆ ಬೀಗ ತೆಗೆಯಲು ಹಾಕೋಣ, ಮೊದಲ ವಾರ ನಾನೇ ಬರುತ್ತೇನೆ ಎಂದು ಅವನ ಬೆನ್ನು ತಟ್ಟಿ, ತಂದಿದ್ದ ಶಾಲನ್ನು ವಾಪಸು ಚೀಲಕ್ಕೆ ಹಾಕಿಕೊಂಡ. ಮುಂದಿನ ವರ್ಷಕ್ಕಾಗುತ್ತದೆ ಎಂದ.

ಜಯಪ್ರಕಾಶ ಪಾತ್ರೆ ತೊಳೆಸಿ, ಕುರ್ಚಿ ಎತ್ತಿಸಿ, ಮೋಟರು ಆಫ್ ಮಾಡಿ, ಬೀಗ ಹಾಕಿ ಮನೆಗೆ ಬಂದಾಗ ಸಂಜೆ ಇಳಿದಿತ್ತು. ಸೋಫಾದ ಮೇಲೆ ಕೂತು ಸಾಕ್ಸು ಎಳೆದ, ಈ ಸಲ ಸಲೀಸಾಗಿ ಬಂತು. ಸುಮನಾ ಒಂದು ಬಕೆಟ್ಟಿಗೆ ಬಿಸಿನೀರು ಬಿಟ್ಟು, ಕಲ್ಲುಪ್ಪು ಹಾಕಿ ತಂದು ಅವನ ಮುಂದಿಟ್ಟಳು. ಅವನು ಕಾಲು ಇಳಿಬಿಟ್ಟ. ಅವಳು ಪಕ್ಕದಲ್ಲಿ ಕೂತಳು. ಇಬ್ಬರೂ ಸ್ವಲ್ಪ ಹೊತ್ತು ನೀರಿನೊಳಗಿನ ಆ ಉಗುರುಗಳನ್ನು ನೋಡಿದರು. ಹೆಬ್ಬೆರಳಿನಲ್ಲಿ ಇನ್ನೂ ಒಂದು ಚೂರು ಕೆಂಪು ಉಳಿದಿತ್ತು.

“ಹಂಗಾದ್ರೆ ನಿಮ್ಮನ್ನ ಬಿಡೋ ವಿಷಯ ಏನಾಯ್ತು?” ಎಂದು ಸುಮನಾ ಕೇಳಿದಳು.

“ಮುಂದಿನ ವರ್ಷದ ಅಜೆಂಡಾದಲ್ಲಿ ಹಾಕಿದೀನಿ,” ಎಂದ ಜಯಪ್ರಕಾಶ. “ಇತರ ವಿಷಯ ಮೇಲೆ ಹೋಗಿ ಕಡೇಲಿ ಒಂದು ಜಾಗ ಖಾಲಿ ಇತ್ತು.”